ಪದ್ಯದ ಅಳತೆಗೆ ಹೆಜ್ಜೆ: ಮಲಯರ ಜಾಪಿನ್ ಕುಣಿತ

ಕುಣಿತವೊಂದರ ವಿಷಯವನ್ನು ಬಾನುಲಿಯಲ್ಲಿ ಹೇಳಹೊರಟವರಿಗೆ ಕಣ್ಣಿನ ಸಂಗತಿಯನ್ನು ಕಿವಿಗೆ ಮುಟ್ಟಿಸುವ ತೊಡಕು ಇದ್ದೇ ಇರುತ್ತದೆ. ನಾನು ಇವತ್ತು ಆರಿಸಿಕೊಂಡಿರುವ ಕುಣಿತದಲ್ಲಿ ಆ ತೊಡಕು ಅರ್ಧಕ್ಕರ್ಧ ಕಡಿಮೆ. ಮಲಯ ಜನರ ಜಾಪಿನ್ ಮೊದಲು ಒಲಿಯುವುದು ಕಿವಿಗೆ. ಮಲೇಷ್ಯಾದ ದಕ್ಷಿಣ ತುದಿಯ ಜೋಹೋರ್ ರಾಜ್ಯ, ಅದರಾಚೆಯ ಸಿಂಗಾಪುರ, ಇಂಡೋನೇಷ್ಯಾಕ್ಕೆ ಸೇರಿದ ಸುಮಾತ್ರಾದ ರಿಯಾವು ಸೀಮೆ, ಅದರ ಪೂರ್ವಕ್ಕೆ ಸಮುದ್ರದಲ್ಲಿ ಚದುರಿಕೊಂಡಿರುವ ರಿಯಾವು ದ್ವೀಪಗಳು, ಇನ್ನೂ ಮುಂದೆ ಬೋರ್ನಿಯೋ ಕರಾವಳಿ, ಬ್ರೂನೈ. ಇಷ್ಟೂ ಕಡೆ ಮದುವೆಯ ರಾತ್ರಿಗಳಲ್ಲಿ, ಹುಡುಗರ ಸುನ್ನತಿಯ ಸಂಭ್ರಮದಲ್ಲಿ, ಪ್ರವಾದಿಯವರ ಜನ್ಮದಿನದ ಆಚರಣೆಯಲ್ಲಿ ಜಾಪಿನ್ ನಡೆಯುತ್ತ ಬಂದಿದೆ.

ಅದು ಹೇಗೆ ಶುರುವಾಗುತ್ತದೆ ಎಂದು ಹೇಳುತ್ತೇನೆ. ಒಬ್ಬ ವಾದ್ಯಗಾರ ಮಡಿಲಲ್ಲಿ ತಂತಿವಾದ್ಯವೊಂದನ್ನು ಅಪ್ಪಿಕೊಂಡು ಕೂತಿರುತ್ತಾನೆ. ಆ ವಾದ್ಯಕ್ಕೆ ಗಾಂಬೂಸ್ ಎಂದು ಹೆಸರು. ಅವನು ಯಾವ ತಾಳಕ್ಕೂ ಸಿಕ್ಕದೆ, ತನ್ನ ಮನಸ್ಸಿಗೆ ಬಂದ ಹಾಗೆ ಸ್ವರಗಳನ್ನು ಮೀಟುತ್ತ ಹೋಗುತ್ತಾನೆ. ನಮ್ಮ ಸಂಗೀತ ಕೇಳಿದವರಿಗೆ ಇದು ಆಲಾಪ ಎಂದು ಕೂಡಲೇ ಗೊತ್ತಾಗುತ್ತದೆ. ಅರಬ್ಬಿ ಸಂಗೀತದಲ್ಲಿಯೂ ಮಲಯ ಜಾಪಿನ್‌ನಲ್ಲಿಯೂ ಇದು ತಕ್ಸೀಮ್. ಕುಣಿಯುವವರು ಅಷ್ಟು ಹೊತ್ತಿಗೆ ಬಂದು ಸಾಲಾಗಿ ನಿಂತು, ಬಾಗಿ ಅಥವಾ ಕುಳಿತು, ಸಭೆಗೆ ವಂದಿಸುತ್ತಾರೆ. ಆಮೇಲೆ ಗಾಂಬೂಸ್ ಒಂದು ಹಾಡಿನ ಮಟ್ಟನ್ನು ಹಿಡಿಯುತ್ತದೆ. ಹಿಂದೆಯೇ ಮರ್ವಾಸ್‌ಗಳು ನುಡಿಯತೊಡಗುತ್ತವೆ.

ಮರ್ವಾಸ್ ಎಂದರೆ ಗೇಣಿನಷ್ಟು ಅಗಲದ ಪುಟ್ಟ ವಾದ್ಯ. ಎರಡೂ ಕಡೆ ಚರ್ಮದ ಮುಚ್ಚಿಗೆ, ಸುತ್ತ ಹಗ್ಗದ ಬಿಗಿತ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬಡಿಯುತ್ತಾರೆ. ಮೂವರೋ ನಾಲ್ವರೋ ಕೂತು, ಒಬ್ಬೊಬ್ಬರೂ ಬೇರೆ ಬೇರೆ ಪೆಟ್ಟು ಹಾಕುತ್ತಾರೆ. ಯಾವ ಒಬ್ಬನ ಪೆಟ್ಟಿನಲ್ಲಿಯೂ ಪೂರ್ತಿ ತಾಳ ಇರುವುದಿಲ್ಲ. ಒಬ್ಬ ಬಿಟ್ಟ ಸಂದಿನಲ್ಲಿ ಇನ್ನೊಬ್ಬನ ಪೆಟ್ಟು ಬೀಳಬೇಕು, ಎಲ್ಲರದೂ ಕೂಡಿದಾಗಲೇ ತಾಳ ಆಗುತ್ತದೆ. ಒಬ್ಬ ಕೈ ತಡೆದರೆ ನೇಯ್ಗೆ ಹರಿಯಿತು. ಜಾಪಿನ್ ಮೇಳದಲ್ಲಿ ಪಳಗಬೇಕಾದವನು ಮೊದಲು ಕಲಿಯಬೇಕಾದ್ದು ಪಕ್ಕದವನಿಗೆ ಕಿವಿಗೊಡುವುದನ್ನು.

ಹಾಡುಗಾರ ಪದ್ಯ ಎತ್ತಿಕೊಳ್ಳುತ್ತಾನೆ. ಪದ್ಯ ನಡೆಯುವಷ್ಟು ಹೊತ್ತು ಮರ್ವಾಸ್‌ಗಳ ದನಿ ತಗ್ಗಿರುತ್ತದೆ, ಕುಣಿಯುವವರ ಹೆಜ್ಜೆಯೂ ತಗ್ಗಿನಲ್ಲಿ ಮೆತ್ತಗೆ ಹೋಗಿಬರುತ್ತದೆ. ಪದ್ಯದ ಸಾಲು ಮುಗಿದು ದನಿ ನಿಂತಿತೋ, ಮರ್ವಾಸ್‌ಗಳು ಒಮ್ಮೆಲೇ ಗಟ್ಟಿಯಾಗಿ ಸಿಡಿಯುತ್ತವೆ. ಈ ಭಾಗಕ್ಕೆ ಕೋಪಾಕ್ ಎನ್ನುತ್ತಾರೆ. ಆಗ ಕುಣಿಯುವವರು ಹಾರುತ್ತಾರೆ, ಗಿರಕ್ಕನೆ ತಿರುಗುತ್ತಾರೆ, ಕುಕ್ಕರಿಸಿ ಏಳುತ್ತಾರೆ. ಮತ್ತೆ ಪದ್ಯ ಬಂತು, ಮತ್ತೆ ಮೆತ್ತನೆಯ ಹೆಜ್ಜೆ. ಕೊನೆಗೆ ವೈನಬ್ ಎಂಬ ಮುಕ್ತಾಯ: ಲಯ ಬಿರುಸಾಗಿ, ನೆಗೆತ ಕುಕ್ಕರಿಕೆಗಳು ಒಂದರ ಮೇಲೊಂದು ಬಂದು, ಮತ್ತೊಂದು ವಂದನೆಯೊಂದಿಗೆ ಕುಣಿತ ಮುಗಿಯುತ್ತದೆ.

ಈ ವ್ಯವಸ್ಥೆಯನ್ನು ಸ್ವಲ್ಪ ಗಮನಿಸಿ. ಮಾತು ನಡೆಯುವಾಗ ದೇಹ ತಗ್ಗಿ ನಡೆಯುತ್ತದೆ. ಮಾತು ನಿಂತ ಮೇಲೆ ದೇಹಕ್ಕೆ ಸರದಿ. ಹಾಡನ್ನು ಕುಣಿತಕ್ಕೆ ಹಿನ್ನೆಲೆಯಾಗಿ ಇಟ್ಟುಕೊಳ್ಳುವ ಕುಣಿತಗಳು ಲೋಕದಲ್ಲಿ ಬೇಕಾದಷ್ಟಿವೆ. ಜಾಪಿನ್‌ನಲ್ಲಿ ಪದ್ಯಕ್ಕೇ ಹಿರಿತನ. ಪದ್ಯವನ್ನು ತುಳಿಯದೆ ಹೆಜ್ಜೆ ಇಡಬೇಕು ಎಂಬುದು ಅದರ ಒಳಗಿನ ಕಟ್ಟಳೆ. ಈ ಕಟ್ಟಳೆ ಎಲ್ಲಿಂದ ಬಂತು ಎಂಬುದನ್ನು ಹುಡುಕಿಕೊಂಡು ಹೋದರೆ ಒಂದು ದೊಡ್ಡ ಸಮುದ್ರವನ್ನು ದಾಟಬೇಕಾಗುತ್ತದೆ.

ಅರೇಬಿಯಾದ ದಕ್ಷಿಣ ಅಂಚಿನಲ್ಲಿ, ಈಗಿನ ಯೆಮೆನ್ ದೇಶದ ಪೂರ್ವಭಾಗದಲ್ಲಿ ಹದ್ರಮೌತ್ ಎಂಬ ಕಣಿವೆ ಸೀಮೆ ಇದೆ. ಮಣ್ಣಿನ ಇಟ್ಟಿಗೆಯಲ್ಲಿ ಎತ್ತರೆತ್ತರದ ಮನೆಗಳನ್ನು ಕಟ್ಟಿದ ಶಿಬಾಮ್ ಪಟ್ಟಣ ಅಲ್ಲಿಯದು. ತರೀಮ್ ಎಂಬ ಊರು ವಿದ್ವಾಂಸರಿಗೂ ಸಂತರಿಗೂ ಹೆಸರಾದದ್ದು. ನೆಲ ಬರಡು. ಹೊಟ್ಟೆಪಾಡಿಗೂ ವ್ಯಾಪಾರಕ್ಕೂ ಧರ್ಮಬೋಧನೆಗೂ ಅಲ್ಲಿಯ ಗಂಡಸರು ಶತಮಾನಗಳ ಕಾಲ ಸಮುದ್ರ ಹಿಡಿದರು. ಮಾನ್ಸೂನ್ ಗಾಳಿ ನಂಬಿ ಹಾಯಿ ಬಿಚ್ಚಿದವರು ಗುಜರಾತಿಗೆ, ಮಲಬಾರಿಗೆ, ಆಫ್ರಿಕಾದ ಪೂರ್ವ ಕರಾವಳಿಗೆ ಹೋದರು; ಇನ್ನೂ ಮುಂದಕ್ಕೆ ಸುಮಾತ್ರಾ, ಜಾವಾ, ಮಲಯ ದೇಶಗಳಿಗೆ ಹೋದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಬೆ ಹಡಗುಗಳ ಓಡಾಟ ಹೆಚ್ಚಿದ ಮೇಲಂತೂ ಈ ವಲಸೆ ಹೊಳೆಯಾಗಿ ಹರಿಯಿತು. ಇವರ ಜೊತೆ ಇವರ ಕುಣಿತವೂ ಹೋಯಿತು. ಇಬ್ಬಿಬ್ಬರು ಗಂಡಸರು ಜೊತೆಯಾಗಿ ಕುಣಿಯುವ ಆ ಹದ್ರಮೌತ್ ಕುಣಿತವೇ ಜಾಪಿನ್‌ನ ಮೂಲ ಎಂಬುದು ಮಲಯರ ಪರಂಪರೆ ಹೇಳುವ ಮಾತು. ಕುಣಿತವನ್ನು ಆಳವಾಗಿ ಓದಿದವರೂ ಅದನ್ನು ಒಪ್ಪುತ್ತಾರೆ.

ನಮ್ಮ ಕರಾವಳಿಯವರಿಗೆ ಈ ದಾರಿ ಹೊಸದಲ್ಲ. 14ನೆಯ ಶತಮಾನದ ನಡುವಿನಲ್ಲಿ ಇಬ್ನ್ ಬತೂತಾ ಎಂಬ ಮೊರೊಕ್ಕೋದ ಪ್ರವಾಸಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಇಲ್ಲಿಯ ಮುಸಲ್ಮಾನರು ಧರ್ಮಶಾಸ್ತ್ರದಲ್ಲಿ ಶಾಫಿ ಪಂಥದವರು ಎಂದು ಬರೆದಿಟ್ಟ. ಕೆಲವು ವರ್ಷಗಳ ನಂತರ ಅದೇ ಮನುಷ್ಯ ಸುಮಾತ್ರಾದ ಉತ್ತರ ತುದಿಯ ಸಮುದ್ರ-ಪಸಾಯ್ ಎಂಬ ರಾಜ್ಯಕ್ಕೆ ಹೋದಾಗ, ಅಲ್ಲಿಯ ಸುಲ್ತಾನನೂ ಶಾಫಿ ಎಂದು ಬರೆದ. ಇವತ್ತಿಗೂ ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು, ಮಲಬಾರಿನ ಮಾಪ್ಪಿಳ್ಳೆಗಳು, ಹದ್ರಮೌತಿನ ಅರಬರು, ಮಲಯರು, ಎಲ್ಲರೂ ಶಾಫಿಗಳೇ. ಕರ್ನಾಟಕದ ಒಳನಾಡಿನ ಮುಸಲ್ಮಾನರು ಹೆಚ್ಚಾಗಿ ಹನಫಿ ಪಂಥದವರು. ಅವರಿಗೆ ಧರ್ಮ ಬಂದ ದಾರಿ ಬೇರೆ. ಪ್ರವಾದಿಯವರನ್ನು ಸ್ತುತಿಸುವ ಬುರ್ದಾ ಎಂಬ ಅರಬ್ಬಿ ಕಾವ್ಯವನ್ನು, ಅವರ ಜನ್ಮವನ್ನು ಕೊಂಡಾಡುವ ಮೌಲಿದ್ ಪಠಣಗಳನ್ನು ನಮ್ಮ ಕರಾವಳಿಯ ಮನೆಗಳಲ್ಲಿ ದನಿಗೂಡಿಸಿ ಹೇಳುತ್ತಾರೆ. ಮಲಯ ಹಳ್ಳಿಗಳಲ್ಲಿಯೂ ಹಾಗೆಯೇ ಹೇಳುತ್ತಾರೆ. ಇಲ್ಲಿ ಬ್ಯಾರಿ ಹುಡುಗರು ದಫ್ ಎಂಬ ಚರ್ಮವಾದ್ಯ ಬಡಿದು ಹಾಡುತ್ತ ಸಾಲಾಗಿ ಬಾಗಿ ಏಳುತ್ತಾರೆ, ಅಲ್ಲಿ ಜಾಪಿನ್. ಎರಡಕ್ಕೂ ಹಿಂದೆ ಇರುವುದು ಒಂದೇ ಸಮುದ್ರದ ಭಕ್ತಿ.

ಮಲಯ ಸೀಮೆಯಲ್ಲಿ ಹದ್ರಮೌತಿನವರು ಬರೀ ವ್ಯಾಪಾರಿಗಳಾಗಿ ಉಳಿಯಲಿಲ್ಲ. ಪ್ರವಾದಿಯವರ ವಂಶದವರೆಂಬ ಗೌರವ ಇದ್ದ ಸೈಯದ್ ಮನೆತನಗಳಿಗೆ ಅರಮನೆಗಳ ಬಾಗಿಲು ತೆರೆಯಿತು, ಮದುವೆ ಸಂಬಂಧಗಳಾದವು. ಬೋರ್ನಿಯೋದ ಪೊಂತಿಯಾನಾಕ್ ಊರನ್ನು 1771ರಲ್ಲಿ ಕಟ್ಟಿ ಅಲ್ಲಿಯ ಸುಲ್ತಾನನಾದವನು ಇಂಥ ಒಬ್ಬ ಸೈಯದನ ಮಗ. ಸುಮಾತ್ರಾದ ಸಿಯಾಕ್ ನದಿಯ ಮೇಲಿನ ರಾಜ್ಯಕ್ಕೂ 1784ರಲ್ಲಿ ಅರಬ್ ರಕ್ತದ ದೊರೆ ಬಂದ. ಸಿಯಾಕ್‌ನಲ್ಲಿ 1889ರಲ್ಲಿ ಕಟ್ಟಿದ ಅರಮನೆ ಇಂದಿಗೂ ನಿಂತಿದೆ, ಜಾಪಿನ್ ಆ ಸೀಮೆಯ ಹೆಮ್ಮೆ. ಅರಮನೆಯ ಅಂಗಳದಿಂದ ಹಳ್ಳಿಯ ಚಾವಡಿಗೂ, ಹಳ್ಳಿಯಿಂದ ಅರಮನೆಗೂ ಕುಣಿತ ಓಡಾಡಿಕೊಂಡಿತ್ತು.

ಈಗ ಪದ್ಯದ ವಿಷಯಕ್ಕೆ ಬರುತ್ತೇನೆ. ನನಗೆ ಇಲ್ಲಿ ನಿಧಾನಿಸಬೇಕು ಎನ್ನಿಸುತ್ತದೆ.

ಮಲಯ ಭಾಷೆಗೆ ಇಸ್ಲಾಮಿನ ಜೊತೆ ಅರಬ್ಬಿ ಲಿಪಿ ಬಂತು, ಲಿಪಿಯ ಜೊತೆ ಛಂದಸ್ಸು ಬಂತು. 16ನೆಯ ಶತಮಾನದ ಸೂಫಿ ಕವಿ ಹಂಜಾ ಫನ್ಸೂರಿ ಸ್ಯಾಯಿರ್ ಎಂಬ ಪದ್ಯಬಂಧವನ್ನು ಮಲಯದಲ್ಲಿ ನಿಲ್ಲಿಸಿದವನೆಂದು ಪ್ರಸಿದ್ಧ. ನಾಲ್ಕು ಸಾಲು, ನಾಲ್ಕಕ್ಕೂ ಒಂದೇ ಅಂತ್ಯಪ್ರಾಸ. ಇಂಥ ಪದ್ಯಗಳು ಸಾಲುಸಾಲಾಗಿ ಬಂದು ಕಾವ್ಯವಾಗುತ್ತವೆ. ದೇವರನ್ನು ಕಡಲೆಂದೂ ಲೋಕವನ್ನು ಅದರ ಅಲೆಗಳೆಂದೂ ಕಂಡ ಅವನ ಪದ್ಯಗಳ ಮೇಲೆ ಆಮೇಲೆ ಕೋಪ ತಿರುಗಿತು. 1637ರಲ್ಲಿ ಸುಮಾತ್ರಾದ ‘ಆಚೆ’ ಎಂಬ ರಾಜ್ಯದ ಆಸ್ಥಾನಕ್ಕೆ ಬಂದ ನೂರುದ್ದೀನ್ ರಾನೀರಿ ಎಂಬ ವಿದ್ವಾಂಸ, ಹಂಜಾನ ಮಾತು ಧರ್ಮಕ್ಕೆ ಹೊರಗು ಎಂದು ವಾದಿಸಿದ. ಹಂಜಾನ ಪುಸ್ತಕಗಳನ್ನು ಸುಡಿಸಿದರು. ಈ ರಾನೀರಿ ಗುಜರಾತಿನ ರಾಂದೇರ್ ಊರಿನವನು, ಮೂಲ ಮನೆತನ ಹದ್ರಮೌತಿನದು. ಕುಣಿತ ತಂದ ಸಮುದ್ರದಾರಿಯಲ್ಲಿಯೇ ಕಟ್ಟುನಿಟ್ಟೂ ಬಂದದ್ದು ಹೀಗೆ. ಹಂಜಾನ ಪದ್ಯಗಳು ಆದರೂ ಉಳಿದುಕೊಂಡವು. ಸ್ಯಾಯಿರ್ ಮಲಯರ ಮನೆಮಾತಿನ ಹಾಡಾಯಿತು.

ಸ್ಯಾಯಿರ್‌ಗಿಂತ ಹಳೆಯದು, ಮಣ್ಣಿಗೆ ಇನ್ನೂ ಹತ್ತಿರದ್ದು, ಪಂತೂನ್. ಇದಕ್ಕೂ ನಾಲ್ಕು ಸಾಲು. ಒಂದು ಮೂರಕ್ಕೆ, ಎರಡು ನಾಲ್ಕಕ್ಕೆ ಪ್ರಾಸ. ಮೊದಲೆರಡು ಸಾಲಿನಲ್ಲಿ ಹೊಳೆ, ಹಕ್ಕಿ, ಹಣ್ಣು, ದೋಣಿ ಏನೋ ಒಂದು ಚಿತ್ರ. ಕೊನೆಯೆರಡರಲ್ಲಿ ಹೇಳಬೇಕಾದ ಮಾತು. ಚಿತ್ರಕ್ಕೂ ಮಾತಿಗೂ ಮೇಲೆ ಸಂಬಂಧ ಕಾಣದಿದ್ದರೂ ಪ್ರಾಸವೂ ಧ್ವನಿಯೂ ಎರಡನ್ನು ಗಂಟು ಹಾಕಿರುತ್ತವೆ. ಮದುವೆಯ ಸಂಧಾನ, ಹಿರಿಯರ ಬುದ್ಧಿಮಾತು, ಪ್ರೇಮ, ಪ್ರಾರ್ಥನೆ, ಎಲ್ಲಕ್ಕೂ ಪಂತೂನ್. 2020ರಲ್ಲಿ ಇಂಡೋನೇಷ್ಯಾ ಮತ್ತು ಮಲೇಷ್ಯಾ ಎರಡೂ ಸೇರಿ ಕೇಳಿಕೊಂಡದ್ದರಿಂದ ಪಂತೂನ್ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಜಾಪಿನ್ ಹಾಡುಗಳಲ್ಲಿ ಹೆಚ್ಚಿನವು ಪಂತೂನ್‌ಗಳ ಸರಮಾಲೆ. ಕೆಲವದರಲ್ಲಿ ದೇವರ ಹೆಸರಿನ ಅರಬ್ಬಿ ಪಲ್ಲವಿ, ಕೆಲವದರಲ್ಲಿ ಪ್ರವಾದಿಯವರ ಸ್ತುತಿ, ಕೆಲವದರಲ್ಲಿ ಬರೀ ಊರಿನ ಸುದ್ದಿ. ರಿಯಾವು ಸೀಮೆಯವರು ಎದೆಗೆ ಹಚ್ಚಿಕೊಂಡಿರುವ ‘ಲಂಚಾಂಗ್ ಕುನಿಂಗ್’ ಎಂಬ ಹಾಡು ರಾತ್ರಿಯಲ್ಲಿ ಸಮುದ್ರಕ್ಕೆ ಹೊರಟ ಹಳದಿ ಬಣ್ಣದ ಹಡಗಿನದು. ಆ ಸೀಮೆಯ ಜನ ತಮ್ಮ ನಾಡನ್ನೇ ಆ ಹಡಗಿನ ಹೆಸರಿನಿಂದ ಕರೆದುಕೊಳ್ಳುತ್ತಾರೆ.

ಸಿಂಗಾಪುರದ ತೆಂಕಣಕ್ಕೆ ಬಿಂತಾನ್ ದ್ವೀಪ, ಅದರ ಪಕ್ಕದಲ್ಲಿ ಪೆನ್ಯೆಂಗತ್ ಎಂಬ ತೀರ ಚಿಕ್ಕ ದ್ವೀಪ. 19ನೆಯ ಶತಮಾನದಲ್ಲಿ ಮಲಯ ಸಾಹಿತ್ಯದ ರಾಜಧಾನಿ ಎಂದರೆ ಇದೇ. 1832ರಲ್ಲಿ ಕಟ್ಟಿದ ಹಳದಿ ಮಸೀದಿ ಅಲ್ಲಿದೆ. ಗಾರೆಗೆ ಮೊಟ್ಟೆಯ ಬಿಳಿ ಲೋಳೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. ರಾಜಾ ಅಲಿ ಹಾಜಿ ಎಂಬ ವಿದ್ವಾಂಸ ಅಲ್ಲಿ ಬಾಳಿ, ಇತಿಹಾಸ, ವ್ಯಾಕರಣ, ಕಾವ್ಯ ಎಲ್ಲವನ್ನೂ ಬರೆದ. 1847ರಲ್ಲಿ ಅವನು ರಚಿಸಿದ ‘ಗುರಿಂದಾಮ್ ದುವಾ ಬೆಲಾಸ್’ ಹನ್ನೆರಡು ಭಾಗಗಳ ನೀತಿಪದ್ಯ. ಅದನ್ನು ಇಂದು ಆ ದ್ವೀಪದ ರಾಜಗೋರಿಯ ಗೋಡೆಗಳ ಮೇಲೆ ಕೆತ್ತಿದ್ದಾರೆ. ಅದರ ಒಂದು ಭಾಗದಲ್ಲಿ ಕಣ್ಣು, ಕಿವಿ, ನಾಲಿಗೆ, ಕೈ, ಕಾಲು ಒಂದೊಂದನ್ನೂ ಹೇಗೆ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕು ಎಂದು ಕವಿ ಹೇಳುತ್ತಾನೆ. ಆ ದ್ವೀಪದಲ್ಲಿ ಜಾಪಿನ್ ಕೂಡ ಬೇರೂರಿದೆ. ಕಾಲನ್ನು ಕಾಯಬೇಕು ಎಂದು ಬರೆದ ಊರಿನಲ್ಲಿಯೇ ಕಾಲಿನ ಕಲೆ ಬೆಳೆದದ್ದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಜಾಪಿನ್ ಕುಣಿಯುವವನನ್ನು ನೋಡಿದರೆ ಅವನು ಆ ಪದ್ಯವನ್ನು ಪಾಲಿಸುತ್ತಿರುವಂತೆಯೇ ಇರುತ್ತದೆ.

ಹೇಗೆಂದರೆ, ಅವನ ಮುಖದಲ್ಲಿ ಅಭಿನಯ ಇಲ್ಲ. ಅವನು ಯಾರ ಪಾತ್ರವನ್ನೂ ಹಾಕುವುದಿಲ್ಲ, ಯಾವ ಕತೆಯನ್ನೂ ಹೇಳುವುದಿಲ್ಲ. ಭರತನಾಟ್ಯ, ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಮೊದಲು ಖಾಲಿ ಅನ್ನಿಸಬಹುದು. ಬೆನ್ನು ನೆಟ್ಟಗೆ, ದೃಷ್ಟಿ ತಗ್ಗಿನಲ್ಲಿ, ಕೈಗಳ ಬೀಸು ಮಿತವಾಗಿ. ಎಲ್ಲ ಕೆಲಸ ಮೊಣಕಾಲಿನ ಕೆಳಗೆ. ನಾಲ್ಕು ಎಣಿಕೆಯ ಒಂದು ನಡೆ, ಅದರೊಳಗೆ ಒಂದು ಎಣಿಕೆಯಲ್ಲಿ ಪಾದ ಊರದೆ ತಡೆದು ನಿಲ್ಲುತ್ತದೆ. ಆ ತಡೆಯಲ್ಲೇ ಜಾಪಿನ್‌ನ ಗತ್ತು ಇರುವುದು. ಮುಂದೆ ಹೋಗಿ ಹಿಂದಕ್ಕೆ ಬರುವುದು, ಮತ್ತೆ ಮುಂದೆ ಹೋಗಿ ಬರುವುದು. ಹಳ್ಳಿಗಳಲ್ಲಿ ಚಾಪೆ ಹಾಸಿ ಅದರ ಮೇಲೆ ಕುಣಿಯುತ್ತಿದ್ದರು. ಚಾಪೆಯಷ್ಟು ಜಾಗ ಸಾಕಾಗಿತ್ತು.

ಸಂಗೀತ, ಕುಣಿತಗಳು ಧರ್ಮಕ್ಕೆ ಸಲ್ಲುತ್ತವೆಯೇ ಎಂಬ ಚರ್ಚೆ ಇಸ್ಲಾಮಿನಲ್ಲಿ ಬಹಳ ಹಳೆಯದು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ, ತಾನೂ ಶಾಫಿ ಪಂಥದ ಮಹಾಪಂಡಿತ, ಸಂಗೀತ ಕೇಳುವುದರ ಬಗ್ಗೆಯೇ ಒಂದು ಅಧ್ಯಾಯ ಬರೆದು, ಮನಸ್ಸನ್ನು ದೇವರ ಕಡೆ ತಿರುಗಿಸುವ ಸಂಗೀತಕ್ಕೆ ಷರತ್ತುಗಳೊಂದಿಗೆ ಜಾಗ ಕೊಟ್ಟ. ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸಿದ ಹದೀಸ್ ಸಂಗ್ರಹಗಳಲ್ಲಿ ಮದೀನಾದ ಮಸೀದಿಯ ಪ್ರಸಂಗವೊಂದು ಬರುತ್ತದೆ: ಅಬಿಸೀನಿಯಾದವರು ಹಬ್ಬದ ದಿನ ಈಟಿ ಹಿಡಿದು ಆಡುತ್ತ ಕುಣಿದಾಗ ಪ್ರವಾದಿಯವರು ಅವರನ್ನು ತಡೆಯಲಿಲ್ಲ, ಪತ್ನಿ ಆಯಿಷಾ ಅವರು ನಿಂತು ನೋಡಿದರು. ಕುಣಿತದ ಪರವಾಗಿ ಮಾತಾಡುವವರಿಗೆ ಈ ಪ್ರಸಂಗ ಬೆಂಬಲ. ತಂತಿವಾದ್ಯ ಬೇಡ, ಕುಣಿತ ಬೇಡ ಎಂದು ಬಲವಾಗಿ ಹೇಳಿದವರೂ ಅಷ್ಟೇ ಜನ ಇದ್ದಾರೆ. ಜಾಪಿನ್ ಕುಣಿದವರು ಈ ಚರ್ಚೆಗೆ ಬಾಯಿಮಾತಿನಲ್ಲಿ ಉತ್ತರ ಕೊಡಲು ಹೋಗಲಿಲ್ಲ. ಕುಣಿತವನ್ನೇ ಎಲ್ಲೂ ಮೀರದ ಹಾಗೆ ಕಟ್ಟಿದರು. ಗಂಡಸರೇ ಕುಣಿದರು. ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ವಂದನೆಯಿಂದ ತೊಡಗಿ ವಂದನೆಯಲ್ಲಿ ಮುಗಿಸಿದರು. ಕೊರಳಿಗೆ ಗುಂಡಿ ಹಾಕಿದ ನಿಲುವಂಗಿ, ಸೊಂಟಕ್ಕೆ ಜರಿಯ ಸುತ್ತುವಸ್ತ್ರ, ತಲೆಗೆ ಕಪ್ಪು ಟೋಪಿ: ಮಸೀದಿಗೆ ಹೋಗುವ ಉಡುಪೇ ಕುಣಿತದ್ದೂ ಆಯಿತು.

ಮಲೇಷ್ಯಾದ ನೃತ್ಯ ವಿದ್ವಾಂಸ ಮೊಹಮ್ಮದ್ ಅನೀಸ್ ಮೊಹಮ್ಮದ್ ನೋರ್ 1993ರಲ್ಲಿ ಜಾಪಿನ್ ಬಗ್ಗೆ ಪ್ರಕಟಿಸಿದ ಗ್ರಂಥ ಈ ವಿಷಯಕ್ಕೆ ಇವತ್ತಿಗೂ ಮೊದಲ ಮೆಟ್ಟಿಲು. ಮಸೀದಿಯ ಗೋಡೆಯ ಮೇಲೆ ಬಳ್ಳಿ ಎಲೆಗಳ, ರೇಖೆಗಳ ಒಂದೇ ನಮೂನೆ ಮತ್ತೆ ಮತ್ತೆ ಹೆಣೆದುಕೊಂಡು ಹೋಗುವ ಕೆತ್ತನೆ ಇರುತ್ತದಲ್ಲ, ಅದೇ ಸೌಂದರ್ಯದೃಷ್ಟಿ ಜಾಪಿನ್ ಹೆಜ್ಜೆಗಳಲ್ಲಿಯೂ ಇದೆ ಎಂದು ಅವರು ತೋರಿಸಿಕೊಟ್ಟರು. ಇದನ್ನು ತಿಳಿದುಕೊಂಡ ಮೇಲೆ ಜಾಪಿನ್‌ನ ಪುನರಾವರ್ತನೆ ಬೇಸರ ತರಿಸುವುದಿಲ್ಲ. ಆಕೃತಿಯೊಂದನ್ನು ಬಿಡಿಸದೆ, ಕತೆಯೊಂದನ್ನು ನಟಿಸದೆ, ನಮೂನೆಯಿಂದಲೇ ಮನಸ್ಸನ್ನು ನಿಲ್ಲಿಸುವುದು ಅದರ ಉದ್ದೇಶ. ನಿರ್ಬಂಧ ಕಲೆಯನ್ನು ಕೊಲ್ಲುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಜಾಪಿನ್ ಮಟ್ಟಿಗೆ ಆ ಮಾತು ಸುಳ್ಳು. ಕೈಗೂ ಮುಖಕ್ಕೂ ಮಿತಿ ಬಿದ್ದದ್ದರಿಂದಲೇ ಪಾದಕ್ಕೆ ಅಷ್ಟು ನಯ ಬಂತು.

ಎಲ್ಲ ಮಲಯ ಕಲೆಗಳ ಪಾಡೂ ಹೀಗೆಯೇ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಮಲೇಷ್ಯಾದ ಈಶಾನ್ಯದ ಕೆಲಂತಾನ್‌ನಲ್ಲಿ ಮಕ್ ಯೋಂಗ್ ಎಂಬ ಹಳೆಯ ನಾಟಕ ಪರಂಪರೆ ಇದೆ. ಅದರಲ್ಲಿ ಇಸ್ಲಾಮಿಗೂ ಹಿಂದಿನ ಪೂಜೆ, ಆವಾಹನೆಗಳ ಅಂಶ ಉಂಟು. ಹೆಂಗಸರೇ ಮುಖ್ಯ ಪಾತ್ರಗಳನ್ನು ಹಾಕುತ್ತಾರೆ. 1990ರ ದಶಕದಲ್ಲಿ ಅದರ ಸಾರ್ವಜನಿಕ ಪ್ರದರ್ಶನಕ್ಕೆ ಆ ರಾಜ್ಯದಲ್ಲಿ ನಿಷೇಧ ಬಂತು. ಯುನೆಸ್ಕೋ 2005ರಲ್ಲಿ ಅದನ್ನು ಮನುಕುಲದ ಅಮೂಲ್ಯ ಪರಂಪರೆ ಎಂದು ಸಾರಿದಾಗಲೂ ತವರಿನಲ್ಲಿ ಅದಕ್ಕೆ ಬಾಗಿಲು ತೆರೆದಿರಲಿಲ್ಲ. ಜಾಪಿನ್‌ಗೆ ಅಂಥ ಕಷ್ಟ ಬರಲಿಲ್ಲ. ನನಗೆ ಜಾಪಿನ್ ಬಗ್ಗೆ ಎಷ್ಟು ಅಕ್ಕರೆಯೋ, ಮಕ್ ಯೋಂಗ್‌ಗೆ ಆದದ್ದರ ಬಗ್ಗೆ ಅಷ್ಟೇ ನೋವಿದೆ.

ಇನ್ನು ಅರಬರ ಕುಣಿತ ಮಲಯರದಾದ ಬಗೆ. ಎರಡು ಬಗೆಯ ಜಾಪಿನ್ ಇಂದಿಗೂ ಇದೆ. ಅರಬ್ ಜಾಪಿನ್‌ನಲ್ಲಿ ಇಬ್ಬರು ಗಂಡಸರು ಎದ್ದು ನಡುವೆ ಬರುತ್ತಾರೆ, ಸುತ್ತ ಕೂತವರು ಚಪ್ಪಾಳೆ ಹಾಕುತ್ತಾರೆ, ಹೆಜ್ಜೆ ದೊಡ್ಡದು, ಆ ಹೊತ್ತಿಗೆ ಹೊಳೆದಂತೆ ಕುಣಿಯುತ್ತಾರೆ. ಸಿಂಗಾಪುರ, ಜೋಹೋರ್, ಜಾವಾಗಳ ಅರಬ್ ಮನೆತನಗಳ ಮದುವೆಗಳಲ್ಲಿ ಇದು ನಡೆಯುತ್ತದೆ. ಮಲಯ ಜಾಪಿನ್‌ನಲ್ಲಿ ಹೆಜ್ಜೆ ಚಿಕ್ಕದಾಯಿತು, ಸಾಲು ನೇರವಾಯಿತು, ಜೊತೆಯವನ ಹೆಜ್ಜೆಗೆ ಹೆಜ್ಜೆ ಕೂಡಿಸುವುದು ಮುಖ್ಯವಾಯಿತು. ಹೆಜ್ಜೆಗಳಿಗೆ ಹೆಸರೂ ಬಂತು. ರಿಯಾವುವಿನಲ್ಲಿ ಮೊದಲು ಕಲಿಸುವ ನೇರ ನಡೆಗೆ ಅಲಿಫ್ ಎಂದು ಹೆಸರು, ಅರಬ್ಬಿ ಅಕ್ಷರಮಾಲೆಯ ಮೊದಲ ಅಕ್ಷರ. ಓದು ಕಲಿಯುವ ಹುಡುಗನೂ ಕುಣಿತ ಕಲಿಯುವ ಹುಡುಗನೂ ಅಲಿಫ್‌ನಿಂದಲೇ ತೊಡಗಬೇಕು. ಅದಾದ ಮೇಲಿನ ಹೆಸರುಗಳೆಲ್ಲ ಅಲ್ಲಿಯ ಹೊಳೆ ಕಾಡುಗಳವು. ಹಳ್ಳದ ಮೇಲಿನ ಮರದ ದಿಮ್ಮಿ ದಾಟುವ ನಡೆ ಒಂದು. ಮಲೆನಾಡಿನಲ್ಲಿ ಸಂಕ ದಾಟಿದವರಿಗೆ ಆ ಎಚ್ಚರದ ಹೆಜ್ಜೆ ಗೊತ್ತು. ದೊಡ್ಡ ಬಾವಲಿಯ ಮೊಣಕೈಯಂತೆ ಕೋನ ಕೋನವಾಗಿ ಹೋಗುವ ನಡೆ ಇನ್ನೊಂದು. ಅಳಿವೆಯ ಮೀನು ನೀರಿನಲ್ಲಿ ಸುಳಿ ತಿರುಗುವುದು ಮತ್ತೊಂದು, ಮೈನಾ ಹಕ್ಕಿಯ ಕುಪ್ಪಳಿಕೆ ಮಗದೊಂದು. ಇವು ಹೆಸರಿಗೆ ಮಾತ್ರ. ಕುಣಿಯುವವನು ಬಾವಲಿಯಾಗಿ ನಟಿಸುವುದಿಲ್ಲ, ಬಾವಲಿಯ ರೇಖೆಯೊಂದೇ ಅವನ ಪಾದದಲ್ಲಿ ಉಳಿಯುತ್ತದೆ. ಪಂತೂನ್‌ನ ಮೊದಲೆರಡು ಸಾಲಿನಲ್ಲಿ ಬರುವ ಹೊಳೆ ಹಕ್ಕಿಗಳು ಹೆಜ್ಜೆಗೆ ಇಳಿದು ಬಂದಿರುವುದು ಇಲ್ಲಿ.

ವಾದ್ಯದ ಕತೆಯೂ ಇಂಥದೇ. ಯೆಮೆನ್‌ನಲ್ಲಿ ಕನ್‌ಬೂಸ್ ಎಂಬ ಹಳೆಯ ವಾದ್ಯ ಇದೆ: ಒಂದೇ ಮರದ ತುಂಡನ್ನು ಕೊರೆದು ಮಾಡಿದ ದೇಹ, ಮುಖಕ್ಕೆ ಮೇಕೆಯ ಚರ್ಮ. ಸನಾ ನಗರದ ಹಳೆಯ ಗಾಯನಕ್ಕೆ ಅದೇ ಜೊತೆವಾದ್ಯ. ಅದರ ಮಲಯ ರೂಪವೇ ಗಾಂಬೂಸ್. ಅಲ್ಲಿ ಅದನ್ನು ಕೊರೆಯುವುದು ಹೆಚ್ಚಾಗಿ ಹಲಸಿನ ಮರದಲ್ಲಿ; ನಮ್ಮ ಮೃದಂಗ, ಚೆಂಡೆಗಳಿಗೆ ಒದಗುವ ಮರವೇ ಅಲ್ಲಿಯೂ ದನಿ ಕೊಟ್ಟಿತು. ಹಲಗೆಗಳನ್ನು ಕೂಡಿಸಿ ಮಾಡುವ, ಹೊಟ್ಟೆ ದುಂಡಗಿರುವ ದೊಡ್ಡ ಗಾಂಬೂಸ್ ಇನ್ನೊಂದಿದೆ. ಅದು ಅರಬರ ಊದ್ ವಾದ್ಯವೇ. ಪಿಟೀಲು, ಹಾರ್ಮೋನಿಯಂ, ಅಕಾರ್ಡಿಯನ್‌ಗಳು ಆಮೇಲೆ ಬಂದು ಮೇಳದಲ್ಲಿ ಕೂತವು.

ಜೋಹೋರ್ ರಾಜ್ಯದಲ್ಲಿ ಊರೂರಿಗೆ ಒಂದೊಂದು ಜಾಪಿನ್. ಮುವಾರ್ ಸೀಮೆಯ ಲೆಂಗಾ, ಬಾತು ಪಹತ್ ಕಡೆಯ ಪುತಾರ್ ಆಲಾಮ್, ಪೆಕಾಜಾಂಗ್, ಪಾದಾಂಗ್ ಸಾರಿ, ಹೀಗೆ ಹೆಸರುಗಳು. ಮೆರ್ಸಿಂಗ್ ಕರಾವಳಿಯ ತೆಂಗ್ಲು ಜಾಪಿನ್ ಮೀನುಗಾರರದು. ಅಲೆಗೆ ಸಿಕ್ಕ ದೋಣಿಯ ಓಲಾಟ ಅದರ ಮೈಯಲ್ಲಿ ಇದೆ ಎನ್ನುತ್ತಾರೆ. ಜೋಹೋರ್‌ನ ಪಶ್ಚಿಮ ಕರಾವಳಿಯಲ್ಲಿ ಜೌಗು ನೆಲಕ್ಕೆ ಕಾಲುವೆ ತೋಡಿ ನೆಲೆ ನಿಂತ ಜಾವಾ ಮತ್ತು ಬುಗಿಸ್ ಜನರೂ ಜಾಪಿನ್ ಕಲಿತು ತಮ್ಮದಾಗಿ ಮಾಡಿಕೊಂಡರು. ಸುಮಾತ್ರಾದ ಬೆಂಗ್ಕಾಲಿಸ್ ಜಿಲ್ಲೆಯ ರೂಪಾತ್ ದ್ವೀಪದಲ್ಲಿ ಬೆಂಕಿಯ ಜಾಪಿನ್ ಇದೆ. ತೆಂಗಿನ ಸಿಪ್ಪೆಯ ರಾಶಿಗೆ ಬೆಂಕಿ ಹಚ್ಚಿ, ಗಾಂಬೂಸ್ ಮರ್ವಾಸ್‌ಗಳ ನಾದದಲ್ಲಿ ಮೈಮರೆತ ಗಂಡಸರು ಆ ಬೆಂಕಿಯೊಳಗೆ ಕುಣಿಯುತ್ತಾರೆ. ನಾನು ಇಷ್ಟು ಹೊತ್ತು ಹೇಳಿದ ಹದ್ದುಬಸ್ತು ಅಲ್ಲಿ ಕಾಣುವುದಿಲ್ಲ. ಒಂದೇ ಹೆಸರಿನ ಅಡಿಯಲ್ಲಿ ಅದೂ ಬಾಳುತ್ತಿದೆ.

ಕಳೆದ ಶತಮಾನ ಜಾಪಿನ್‌ಗೆ ದೊಡ್ಡ ತಿರುವು. ಬಂಗ್ಸಾವಾನ್ ಎಂಬ ಮಲಯ ವೃತ್ತಿ ರಂಗಭೂಮಿ ಅದನ್ನು ವೇದಿಕೆಗೆ ತಂದಿತು, ಸಿಂಗಾಪುರದ ಮಲಯ ಸಿನಿಮಾ ಪರದೆಗೆ ತಂದಿತು. ಹೆಂಗಸರು ಕುಣಿಯತೊಡಗಿದರು. ಗಂಡು ಹೆಣ್ಣು ಜೊತೆಯಾಗಿ ಕುಣಿದರೂ ಮುಟ್ಟದೆ ಇರುವ ನೇಮ ಹಾಗೆಯೇ ಉಳಿಯಿತು. ಮಲಯರ ಮೂಲ ಕುಣಿತಗಳೆಂದು ಪಾಠ ಹೇಳುವಾಗ ಅಸ್ಲಿ, ಇನಾಂಗ್, ಜೋಗೆತ್, ಮಸ್ರಿಗಳ ಜೊತೆ ಜಾಪಿನ್‌ನ ಹೆಸರೂ ಬರುತ್ತದೆ. ಕ್ವಾಲಾಲಂಪುರದಲ್ಲಿ 1994ರಲ್ಲಿ ತೊಡಗಿದ ರಾಷ್ಟ್ರೀಯ ಕಲಾ ಅಕಾಡೆಮಿ, ಈಗಿನ ಅಸ್ವಾರಾ, ಅದನ್ನು ವ್ಯಾಸಂಗದ ವಿಷಯವಾಗಿಸಿದೆ. ಬೆಂಗ್ಕಾಲಿಸ್‌ನಲ್ಲಿ ಹುಟ್ಟಿದ ಗಾಯಕಿ ಇಯೇತ್ ಬುಸ್ತಾಮಿ ಹಾಡಿದ ‘ಲಕ್ಸ್‌ಮಾನಾ ರಾಜಾ ದಿ ಲಾವುತ್’ ಜಾಪಿನ್ ಲಯವನ್ನು ಇಂಡೋನೇಷ್ಯಾದ ಮನೆಮನೆಗೆ ಮುಟ್ಟಿಸಿತು.

ಹೆಣ್ಣುಮಕ್ಕಳು ಬಂದದ್ದು ಜಾಪಿನ್‌ಗೆ ಒಳ್ಳೆಯದಾಯಿತು ಎಂದೇ ನಾನು ತಿಳಿದಿದ್ದೇನೆ. ಇವತ್ತು ಶಾಲೆಗಳಲ್ಲಿ, ಸ್ಪರ್ಧೆಗಳಲ್ಲಿ ಅದನ್ನು ಜೀವಂತ ಇಟ್ಟವರಲ್ಲಿ ಅವರ ಪಾಲು ದೊಡ್ಡದು. ನನ್ನ ಅಳಲು ಬೇರೆ. ವೇದಿಕೆಗೆ ಬಂದ ಜಾಪಿನ್‌ನಲ್ಲಿ ಹಾಡು ಧ್ವನಿಮುದ್ರಿಕೆಯಿಂದ ಬರುತ್ತದೆ. ತಕ್ಸೀಮ್‌ಗೆ ಪುರುಸೊತ್ತಿಲ್ಲದೆ ಅದನ್ನು ಕತ್ತರಿಸುತ್ತಾರೆ. ಹಳ್ಳಿಯಲ್ಲಿ ಕುಣಿಯುವವನ ದಣಿವನ್ನು ಮರ್ವಾಸ್‌ನವನು ನೋಡುತ್ತಿದ್ದ, ಮುಗಿಸೋಣವೆಂದು ಕುಣಿಯುವವನು ಹೆಜ್ಜೆಯಲ್ಲಿಯೇ ಸನ್ನೆ ಮಾಡುತ್ತಿದ್ದ, ಹಾಡುಗಾರ ಇನ್ನೊಂದು ಪಂತೂನ್ ಕಟ್ಟಿ ಹಾಡಬೇಕೋ ನಿಲ್ಲಿಸಬೇಕೋ ಎಂದು ಆಗಲೇ ತೀರ್ಮಾನ ಮಾಡುತ್ತಿದ್ದ. ರಿಯಾವುವಿನಲ್ಲಿ ಮುಕ್ತಾಯ ಕೇಳುವ ಆ ಹೆಜ್ಜೆಗೆ ಬೇರೆಯದೇ ಹೆಸರಿದೆ, ಮಿಂತಾ ತಹ್ತೋ ಎಂದು. ಮುದ್ರಿಸಿದ ಹಾಡಿಗೆ ಸನ್ನೆ ತಿಳಿಯುವುದಿಲ್ಲ. ಪದ್ಯ, ತಾಳ, ಪಾದ ಮೂರೂ ಒಂದನ್ನೊಂದು ಕೇಳಿಸಿಕೊಂಡು ನಡೆಯುವ ಆ ಮಾತುಕತೆ ತಪ್ಪಿದರೆ ಉಳಿಯುವುದು ಚೆಂದದ ಉಡುಪು ಮಾತ್ರ.

ಆ ಮಾತುಕತೆ ಪೂರ್ತಿ ನಿಂತಿಲ್ಲ. ಸಿಂಗಾಪುರದಲ್ಲಿ, ಜೋಹೋರ್‌ನಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗರು ಸಾಕಷ್ಟು ಮಂದಿ ಇದ್ದೀರಿ. ನಿಮ್ಮ ನೆರೆಯ ಮಲಯ ಗೆಳೆಯರು ಮದುವೆಗೆ ಕರೆದಾಗ, ಜಾಪಿನ್ ಮೇಳ ಇದೆಯೇ ಎಂದು ಕೇಳಿ. ರಜೆ ಸಿಕ್ಕರೆ ಬಿಂತಾನ್‌ಗೆ ಹಡಗು ಹಿಡಿದು, ತಂಜುಂಗ್ ಪಿನಾಂಗ್ ದಂಡೆಯಿಂದ ಚಿಕ್ಕ ದೋಣಿಯಲ್ಲಿ ಪೆನ್ಯೆಂಗತ್‌ಗೆ ಹೋಗಿಬನ್ನಿ. ಕುಣಿತ ನೋಡಲು ಸಿಕ್ಕಾಗ ಕುಣಿಯುವವರನ್ನು ಆಮೇಲೆ ನೋಡಿದರಾಯಿತು, ಮೊದಲು ಮರ್ವಾಸ್ ಹಿಡಿದವರ ಪಕ್ಕದಲ್ಲಿ ಜಾಗ ಹುಡುಕಿಕೊಂಡು ಕೂರಿ. ಯಾರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಒಬ್ಬೊಬ್ಬರ ಪೆಟ್ಟನ್ನೇ ಹಿಡಿದು ಆಲಿಸಿ. ಪದ್ಯದ ಸಾಲು ಯಾವಾಗ ಮುಗಿಯುತ್ತದೆ ಎಂಬುದು, ಭಾಷೆ ಬರದಿದ್ದರೂ, ಮೂರನೆಯ ಪದ್ಯದ ಹೊತ್ತಿಗೆ ನಿಮಗೆ ತಿಳಿದುಹೋಗುತ್ತದೆ. ಕೋಪಾಕ್ ಸಿಡಿಯುವುದಕ್ಕೆ ಒಂದು ಕ್ಷಣ ಮೊದಲೇ ನಿಮ್ಮ ಕಾಲೂ ಸಿದ್ಧವಾಗಿರುತ್ತದೆ.